ಗುಳ್ಳೆಗಳ ಸುತ್ತ ಕಂಡ ಪಟ್ಟೆಗಳು

ಗ್ಲಾಸ್ ಫೈಬರ್ ಮತ್ತು ಎಪಾಕ್ಸಿ (ಗಟ್ಟಿಯಾಗುವ ಅಂಟಿನಂಥ ರಾಳ) ಸೇರಿಸಿ ಮಾಡಿದ ತುಂಡೊಂದರ ಸಿಟಿ ಸ್ಕ್ಯಾನ್ ನನ್ನ ಕೈಗೆ ಬಂದಿತ್ತು. ಒಳಗೆ ಅಲ್ಲಲ್ಲಿ ಗಾಳಿಗುಳ್ಳೆಗಳು. ಇಡೀ ತುಂಡಿನ ಸ್ಟಿಫ್‌ನೆಸ್ (ಎಳೆದರೆ ಹಿಗ್ಗದಿರುವ ಬಿಗಿತನ) ಎಷ್ಟು, ಗುಳ್ಳೆಗಳ ಹತ್ತಿರ ಸ್ಟ್ರೆಸ್ (ಅಷ್ಟಷ್ಟು ಜಾಗದ ಮೇಲೆ ಬೀಳುವ ಬಲ) ಎಷ್ಟು ಅಂತ ಲೆಕ್ಕ ಹಾಕಬೇಕಿತ್ತು.

ಮೂಲಿನೆಕ್ ಮತ್ತು ಸುಕೆ 1994ರಲ್ಲಿ ಕೊಟ್ಟ ಎಫ್‌ಎಫ್‌ಟಿ (ಫಾಸ್ಟ್ ಫೂರಿಯೆ ಟ್ರಾನ್ಸ್‌ಫಾರ್ಮ್) ವಿಧಾನ ಹಿಡಿದೆ. ಇದರಲ್ಲಿ ಮೆಶ್ ಮಾಡುವ, ಅಂದರೆ ಆಕಾರಕ್ಕೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕುಗಳ ಬಲೆ ಹೆಣೆಯುವ, ತಲೆನೋವಿಲ್ಲ. ಸ್ಕ್ಯಾನಿನ ವಾಕ್ಸೆಲ್‌ಗಳ (ಮೂರು ಆಯಾಮದ ಪಿಕ್ಸೆಲ್‌ಗಳ) ಮೇಲೇ ಲೆಕ್ಕ ನಡೆಯುತ್ತದೆ. ತುಂಡೆಲ್ಲ ಒಂದೇ ವಸ್ತು ಅಂತ ಅಂದುಕೊಂಡು, ನಿಜದ ವಸ್ತುವಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಸುತ್ತು ಸುತ್ತಾಗಿ ತಿದ್ದುತ್ತಾ ಹೋಗುತ್ತೇವೆ. ಫೂರಿಯೆ ರೂಪದಲ್ಲಿ, ಅಂದರೆ ಎಲ್ಲವನ್ನೂ ಅಲೆಗಳ ಮೊತ್ತವಾಗಿ ಬರೆದಾಗ, ಈ ತಿದ್ದುವ ಕೆಲಸ ಬರೀ ಗುಣಾಕಾರ. ಅದಕ್ಕೇ ಅಷ್ಟು ವೇಗ.

ಆದರೆ ಮೂಲ ವಿಧಾನದಲ್ಲಿ ಗಟ್ಟಿ ವಸ್ತು ಮೆತ್ತನೆಯದರ ಎಷ್ಟು ಪಟ್ಟೋ ಅದಕ್ಕೆ ತಕ್ಕಂತೆ ಸುತ್ತುಗಳೂ ಬೆಳೆಯುತ್ತವೆ. ಗ್ಲಾಸಿನ ಸ್ಟಿಫ್‌ನೆಸ್ ಸುಮಾರು 72 ಗಿಗಾಪಾಸ್ಕಲ್, ಎಪಾಕ್ಸಿಯದು ಸುಮಾರು 3. ಅಂದರೆ 24 ಪಟ್ಟು, ತೊಂದರೆಯಿಲ್ಲ. ಗುಳ್ಳೆಯದು ಸೊನ್ನೆ! ಲೆಕ್ಕ ನಿಲ್ಲಲೇ ಇಲ್ಲ. ಗುಳ್ಳೆಗೆ ಎಪಾಕ್ಸಿಯ ಸಾವಿರದಲ್ಲೊಂದು ಪಾಲು ಕೊಟ್ಟೆ. ಆಗ ಅಂತರ 24,000 ಪಟ್ಟು ಆಯಿತು. ಕೊನೆಗೆ ಟಾಲರೆನ್ಸನ್ನೇ, ಅಂದರೆ ಎಷ್ಟು ತಪ್ಪು ಉಳಿದರೆ ಲೆಕ್ಕ ನಿಲ್ಲಿಸಬಹುದು ಅನ್ನುವ ಮಿತಿಯನ್ನೇ, ಸಡಿಲ ಮಾಡಿದೆ. ಸ್ಟಿಫ್‌ನೆಸ್ ನಂಬುವಂತೆ ಬಂತು. ಸ್ಟ್ರೆಸ್ ಚಿತ್ರದ ಸಮೇತ ಡಿಸೈನ್ ತಂಡಕ್ಕೆ ಕಳಿಸಿಬಿಟ್ಟೆ.

ನಮ್ಮ ಮೇಡಂ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಗುಳ್ಳೆಗಳ ಸುತ್ತ ಚದುರಂಗದ ಮನೆಗಳ ಹಾಗೆ ಪಟ್ಟೆಗಳು. "ಒಂದೊಂದು ಪದರದಲ್ಲೂ ಎಳೆತದ ಬಲ ಕೂಡಿಸಿ ತೋರಿಸು" ಅಂದರು.

ಆ ಮಾತು ನನಗೆ ಇಂದಿಗೂ ಇಷ್ಟ. ತುಂಡು ಸಮತೋಲದಲ್ಲಿದ್ದರೆ ಎಳೆಯುವ ದಿಕ್ಕಿಗೆ ಅಡ್ಡವಾಗಿ ಎಲ್ಲಿ ಕೊಯ್ದರೂ ಒಟ್ಟು ಬಲ ಒಂದೇ ಇರಬೇಕು, ಅಲ್ವಾ? ನನ್ನ ಲೆಕ್ಕದಲ್ಲಿ ಪದರದಿಂದ ಪದರಕ್ಕೆ ಏರುಪೇರು. ಗುಳ್ಳೆಗಳು ಸ್ವಲ್ಪವೇ ಜಾಗ ಹಿಡಿದಿದ್ದರಿಂದ ಸರಾಸರಿಯಲ್ಲಿ ತಪ್ಪು ಕಾಣಲಿಲ್ಲ. ಆದರೆ ಬಿರುಕು ಶುರುವಾಗುವುದು ಗುಳ್ಳೆಯ ಅಂಚಿನಲ್ಲಿ, ಸರಾಸರಿಯಲ್ಲಲ್ಲ.

ಗುಳ್ಳೆಗೆ ಮತ್ತೆ ಸೊನ್ನೆಯನ್ನೇ ಕೊಟ್ಟೆ. ವಿಲೋ 2015ರಲ್ಲಿ ಕೊಟ್ಟ ತಿರುಗಿಸಿದ ಗ್ರಿಡ್ ಬಳಸಿದೆ. ಅದರಲ್ಲಿ ಬಿಂದುಗಳು ಎಷ್ಟು ಸರಿದವು ಅನ್ನುವುದನ್ನು ವಾಕ್ಸೆಲ್ಲಿನ ಮೂಲೆಗಳಲ್ಲೂ ಸ್ಟ್ರೇನನ್ನು (ವಸ್ತು ಎಷ್ಟು ಪಾಲು ಹಿಗ್ಗಿತು ಅನ್ನುವುದನ್ನು) ನಡುವಿನಲ್ಲೂ ಲೆಕ್ಕ ಹಾಕುತ್ತಾರೆ. ಜೊತೆಗೆ ಕಡಿಮೆ ಸುತ್ತುಗಳಲ್ಲಿ ಉತ್ತರ ಮುಟ್ಟುವ ಕಾಂಜುಗೇಟ್ ಗ್ರೇಡಿಯಂಟ್ ವಿಧಾನ ಸೇರಿಸಿದೆ. ಟಾಲರೆನ್ಸ್ ಮೊದಲಿನಷ್ಟೇ ಬಿಗಿ ಇಟ್ಟೆ. ಲೆಕ್ಕ ಮುಗಿಯಿತು, ಪದರಗಳ ಬಲ ಒಂದಾಯಿತು, ಪಟ್ಟೆಗಳು ಹೋದವು.

ಹೊಸ ಸ್ಟಿಫ್‌ನೆಸ್ ಹಳೆಯದರ ಹತ್ತಿರವೇ ಇತ್ತು. ಸ್ಟ್ರೆಸ್ ಜಾಸ್ತಿ ಇದ್ದ ಜಾಗ ಮಾತ್ರ ಬೇರೆ ಗುಳ್ಳೆಯ ಪಕ್ಕಕ್ಕೆ ಹೋಗಿತ್ತು. ಅವತ್ತೇ ಡಿಸೈನ್ ತಂಡಕ್ಕೆ ಫೋನ್ ಮಾಡಿ, ಹಳೆಯ ಚಿತ್ರ ಬಳಸಬೇಡಿ ಅಂತ ಹೇಳಿದೆ.