ಮ್ಯಾಮತ್ ಆತ್ಮದ ಬೆಲೆ

ಸ್ಕೈರಿಮ್ ಎಂಬ ವಿಡಿಯೊ ಆಟ ಬಂದದ್ದು 2011ರಲ್ಲಿ. ಅದರೊಳಗೆ ಇವತ್ತಿಗೂ ನನ್ನನ್ನು ಕಾಡುವುದು ಡ್ರ್ಯಾಗನ್‌ಗಳಲ್ಲ, ಆತ್ಮ ತುಂಬಿಡುವ ಹರಳುಗಳು. ಮಂತ್ರ ಹಾಕಿ ಕೊಂದರೆ ಸತ್ತ ಜೀವದ ಆತ್ಮ ಹರಳಿಗೆ ಬೀಳುತ್ತದೆ. ಅದನ್ನು ಖರ್ಚು ಮಾಡಿ ಕತ್ತಿಗೆ ಬೆಂಕಿಯ ಶಕ್ತಿ ಕೊಡಬಹುದು. ಮನುಷ್ಯರು, ಚೂಪು ಕಿವಿಯ ಎಲ್ಫ್‌ಗಳು, ಬೆಕ್ಕಿನಂಥ ಖಜೀತ್, ಹಲ್ಲಿಯಂಥ ಆರ್ಗೋನಿಯನ್ ಜನ, ಇವರದೆಲ್ಲ ಕಪ್ಪು ಆತ್ಮ. ಅದಕ್ಕೆ ಕಪ್ಪು ಹರಳೇ ಬೇಕು. ಪ್ರಾಣಿಗಳದು ಬಿಳಿ. ಆದರೆ ಮ್ಯಾಮತ್ ಎಂಬ ರೋಮಭರಿತ ದೈತ್ಯ ಆನೆಯ ಆತ್ಮವೂ ದಾರಿಗಳ್ಳನ ಆತ್ಮವೂ ಶಕ್ತಿಯಲ್ಲಿ ಸಮಸಮ! ಅಳತೆ ಒಂದೇ, ಅಂಟುವ ಪಾಪ ಮಾತ್ರ ಬೇರೆ.

ಗುಹೆಗಳಲ್ಲಿ ಬದುಕುವ ಕುರುಡು ಜೀವಿಗಳಾದ ಫಾಲ್ಮರ್‌ಗಳ ಕತೆ ಇನ್ನೂ ಕಹಿ. ಒಂದು ಕಾಲದಲ್ಲಿ ಅವರು ಹಿಮದ ಎಲ್ಫ್‌ಗಳು. ಆಶ್ರಯ ಕೇಳಿ ಹೋದವರನ್ನು ನೆಲದಡಿ ನಗರ ಕಟ್ಟಿದ್ದ ಡ್ವೆಮರ್ ಎಂಬ ಜನ ಕುರುಡಾಗಿಸಿ ಗುಲಾಮರನ್ನಾಗಿ ಮಾಡಿಕೊಂಡರು. ಅವರ ವಂಶಜರು ಗುಡಿಸಲು ಕಟ್ಟುತ್ತಾರೆ, ಚೌರಸ್ ಎಂಬ ದೈತ್ಯ ಕೀಟಗಳನ್ನು ಸಾಕುತ್ತಾರೆ, ಅವುಗಳ ಚಿಪ್ಪಿನಿಂದ ಕವಚ ಮಾಡಿಕೊಳ್ಳುತ್ತಾರೆ. ಆದರೂ ಆಟದ ಲೆಕ್ಕದಲ್ಲಿ ಅವರ ಆತ್ಮ ಬಿಳಿ. ಹಾಗಾದರೆ ವ್ಯಕ್ತಿ ಎನಿಸಿಕೊಳ್ಳುವುದನ್ನೂ ಹೊಡೆದು ಕಿತ್ತುಕೊಳ್ಳಬಹುದೇ? ಅಥವಾ ತಯಾರಿಸಿದವರು ಹೆಚ್ಚು ಯೋಚಿಸದೆ ಪಟ್ಟಿಯಲ್ಲಿ ಒಂದು ಗುರುತು ಹಾಕಿಬಿಟ್ಟರೇ? ಎರಡನೆಯದೇ ಇರಬೇಕು ಅನ್ನಿಸುತ್ತದೆ. ಕಿರಿಕಿರಿ ಮಾತ್ರ ಹೋಗುವುದಿಲ್ಲ.

ಬಳಸಿದ ಕಪ್ಪು ಆತ್ಮಗಳು ಸೋಲ್ ಕೇರ್ನ್ ಎಂಬ ಲೋಕಕ್ಕೆ ಬೀಳುತ್ತವೆ. 2012ರಲ್ಲಿ ಬಂದ ಡಾನ್‌ಗಾರ್ಡ್ ಎಂಬ ಆಟದ ವಿಸ್ತರಣೆಯಲ್ಲಿ ನಾವೂ ಅಲ್ಲಿಗೆ ಹೋಗುತ್ತೇವೆ. ಅಲ್ಲೊಬ್ಬ ಸತ್ತವನು ತನ್ನ ಪಾಡು ಬಿಟ್ಟು ಅರ್ವಾಕ್ ಎಂಬ ಕುದುರೆಯ ತಲೆಬುರುಡೆ ಹುಡುಕಿಕೊಡು ಎಂದು ಬೇಡುತ್ತಾನೆ. ಬಿಳಿ, ಕಪ್ಪು ಎಂದು ವಿಂಗಡಿಸಿದ ಮಾಂತ್ರಿಕರು ಅವನನ್ನು ಒಮ್ಮೆ ಮಾತನಾಡಿಸಬೇಕಿತ್ತು. ಅಂದಹಾಗೆ, ನಾನು ಮ್ಯಾಮತ್‌ಗಳನ್ನು ಕೊಲ್ಲುವುದನ್ನು ಬಿಟ್ಟಿದ್ದೇನೆ. ದಾರಿಗಳ್ಳರನ್ನಲ್ಲ.