ಎಪಿಸೋಡ್ ಎಣಿಸಿ ಡೇಟ್ ಕೊಟ್ಟು ಸಿಕ್ಕಿಹಾಕಿಕೊಂಡೆ

ನನ್ನ ಕೆಲಸ ಸಬ್‌ಟೈಟಲ್ ಚೆಕ್ ಮಾಡುವುದು. ಸಾಲು ಸರಿಯಾದ ಹೊತ್ತಿಗೆ ಬಂತಾ, ಓದಿ ಮುಗಿಸುವ ಮೊದಲೇ ಮಾಯವಾಯಿತಾ, ಅಷ್ಟೇ. ಹೋದ ವರ್ಷ ಎರಡು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ಒಟ್ಟಿಗೆ ಬಂದವು. ಒಂದು ವಾರವಾರ ವರ್ಷಗಟ್ಟಲೆ ಓಡಿದ ಹಳೇ ಸರಣಿಯ ಒಂದು ಭಾಗ, ಇನ್ನೊಂದು ಬರೀ 12 ಎಪಿಸೋಡಿನದು. ಎರಡಕ್ಕೂ ಎಪಿಸೋಡಿಗೆ ಅರ್ಧ ದಿನ ಅಂತ ಮೇಲ್ ಹಾಕಿದೆ. 24 ನಿಮಿಷ ಅಂದರೆ 24 ನಿಮಿಷ, ಅಲ್ವಾ?

ಉದ್ದದ್ದು ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಒಂದೂವರೆ ನಿಮಿಷ ಹಾಡು, ಆಮೇಲೆ ಹೋದ ವಾರದ ಕಥೆ, ಆಮೇಲೆ ಇಬ್ಬರು ಎದುರಾಬದುರಾ ನಿಂತು, ಬಟ್ಟೆ ಗಾಳಿಗೆ ಹಾರುತ್ತಿದ್ದರೂ ಒಂದು ಮಾತೂ ಆಡದೆ ದುರುಗುಟ್ಟಿ ನೋಡುವುದು. ಚಿಕ್ಕದ್ದು ಮಾತ್ರ ಹೈರಾಣ ಮಾಡಿಬಿಟ್ಟಿತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು, ಅದರ ಮಧ್ಯೆ ಮನಸ್ಸಿನ ಮಾತು, ಸಾಲದ್ದಕ್ಕೆ ಗೋಡೆ ಮೇಲಿನ ಬೋರ್ಡಿಗೂ ಒಂದು ಸಾಲು. ಮೂರನೇ ಎಪಿಸೋಡಿಗೇ ಎರಡು ದಿನ ಹಿಂದೆ ಬಿದ್ದಿದ್ದೆ. "ಚಿಕ್ಕದಲ್ವಾ ಅದು, ಅದಕ್ಯಾಕೆ ಇಷ್ಟು ದಿನ?" ಅಂತ ಲೀಡ್ ಮೇಡಂ ಕೇಳಿದರು. ನಾನು ಸುಮ್ನೆ ನಿಂತೆ.

ಉತ್ತರ ನನಗೆ ಗೊತ್ತಿರಬೇಕಿತ್ತು, ಇಷ್ಟು ವರ್ಷದಿಂದ ನೋಡುತ್ತಿದ್ದೇನಲ್ಲ. ಇಂಥ ಎಷ್ಟೋ ಅನಿಮೆಗೆ ಮೂಲ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್. ಆ ಮಾಂಗಾ ಇನ್ನೂ ಬರುತ್ತಿರುವಾಗಲೇ ಅನಿಮೆಯೂ ವಾರವಾರ ಬಂದರೆ, ಅದು ಮಾಂಗಾದ ಬೆನ್ನಿಗೇ ಬಂದು ನಿಲ್ಲುತ್ತದೆ. ಆಗ ಎಳೆಯಲೇಬೇಕು. ಮೊದಲ 'ನರುಟೊ' 220 ಎಪಿಸೋಡು, ಕೊನೆಯ ಎಂಬತ್ತು ಚಿಲ್ಲರೆಯಲ್ಲಿ ಬಹುತೇಕ ಮಾಂಗಾದಲ್ಲಿ ಇಲ್ಲದ ಕಥೆಗಳೇ. 12-13 ಎಪಿಸೋಡಿನದ್ದಕ್ಕೆ ಮೂರೇ ತಿಂಗಳ ಜಾಗ. ಇರೋದನ್ನೆಲ್ಲ ಅಷ್ಟರಲ್ಲೇ ತುರುಕಬೇಕು.

ಹಾಗಂತ ಎಪಿಸೋಡ್ ಜಾಸ್ತಿ ಇದ್ದರೆ ನಿಧಾನ ಅಂತಲೂ ಅಲ್ಲ. 'ಫುಲ್‌ಮೆಟಲ್ ಆಲ್ಕೆಮಿಸ್ಟ್' 2003ರಲ್ಲಿ ಬಂದಾಗ 51 ಎಪಿಸೋಡು. 2009ರಲ್ಲಿ 'ಬ್ರದರ್‌ಹುಡ್' ಅಂತ ಮತ್ತೆ ಮಾಡಿದಾಗ 64. ಅದರಲ್ಲಿನ ಹ್ಯೂಸ್ ಅನ್ನುವ ಪಾತ್ರ ಸಾಯುವುದು (ನೋಡದವರು ಈ ಪ್ಯಾರಾ ಬಿಡಿ) ಮೊದಲನೆಯದರಲ್ಲಿ 25ನೇ ಎಪಿಸೋಡಿಗೆ, ಎರಡನೆಯದರಲ್ಲಿ 10ನೇದಕ್ಕೆ. ಅದೇ ಮನುಷ್ಯ, ಅದೇ ಫೋನ್ ಬೂತ್. 2003ರಲ್ಲಿ ಮಾಂಗಾ ಇನ್ನೂ ಅರ್ಧ ದಾರಿಯಲ್ಲಿತ್ತು, ಹಾಗಾಗಿ ಇದ್ದಷ್ಟನ್ನು ನಿಧಾನವಾಗಿ ಬಡಿಸಿದರು, ಕೊನೆಗೆ ಬೇರೆಯದೇ ಮುಕ್ತಾಯ ಕೊಟ್ಟರು. 2009ರವರು 27 ಸಂಪುಟ ಪೂರ್ತಿ ಮುಗಿಸಬೇಕಿತ್ತು, ಶುರುವಿನ ಕಥೆ ಜನ ಆಗಲೇ ನೋಡಿಯೂ ಆಗಿತ್ತು, ಅದಕ್ಕೇ ಅಲ್ಲಿ ಓಟ. ಒಟ್ಟಾರೆ ನನಗೆ 'ಬ್ರದರ್‌ಹುಡ್' ಇಷ್ಟ. ಆದರೆ ಆ ಸಾವಿಗೆ ನಾನು ಅತ್ತಿದ್ದು 2003ರದ್ದರಲ್ಲಿ ಮಾತ್ರ, ಯಾಕಂದರೆ ಸಿಕ್ಕಸಿಕ್ಕವರಿಗೆಲ್ಲ ಮಗಳ ಫೋಟೋ ತೋರಿಸಿ ತಲೆ ತಿನ್ನುವ ಆ ಮನುಷ್ಯನ ಜೊತೆ ಅಷ್ಟು ದಿನ ಕಳೆದಿದ್ದೆ.

ಆ 12 ಎಪಿಸೋಡು ಐದು ದಿನ ತಡವಾಗಿ ಹೋಯಿತು. ಈಗ ಡೇಟ್ ಕೊಡುವ ಮೊದಲು ಶುರುವಿನದೊಂದು, ನಡುವಿನದೊಂದು, ಕೊನೆಯದೊಂದು ಫೈಲ್ ತೆರೆದು ಸಾಲು ಎಣಿಸುತ್ತೇನೆ. ಕೊನೆಯದನ್ನು ಬಿಡುವ ಹಾಗೇ ಇಲ್ಲ, ಉಳಿದದ್ದನ್ನೆಲ್ಲ ತಂದು ಸುರಿಯುವುದು ಅಲ್ಲೇ. ಹೋದ ವಾರ 24 ಎಪಿಸೋಡಿನ ಒಂದು ಕೆಲಸ ಬಂತು. 13ನೇದು ತೆರೆದರೆ ಪೂರ್ತಿ ಹಳೇ ದೃಶ್ಯಗಳೇ, ಸಾಲುಗಳೂ ಹಳೇವೇ. ಅದರ ಮುಂದೆ 'ಒಂದು ಗಂಟೆ' ಅಂತ ಬರೆದೆ. ಮೇಡಂ ನೋಡಿ ನಕ್ಕರು, ಆದರೆ ತಿದ್ದಲಿಲ್ಲ.