ಹತ್ತು ಸೆಕೆಂಡು ಎತ್ತಿ ಹಿಡಿದ ಕೈ

ಕಳೆದ ವರ್ಷ ಜುಲೈ ನಡುವಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆದಾಗ, ತುರ್ತು ಚಿಕಿತ್ಸಾ ವಿಭಾಗದ ಯುವ ವೈದ್ಯರು ಮೊದಲು ಕೇಳಿದ್ದು ವಯಸ್ಸು, ಆಮೇಲೆ ಈಗ ಯಾವ ತಿಂಗಳು ಎಂದು. ಅಪ್ಪ ತೊದಲುತ್ತಲೇ "ಆಷಾಢ" ಎಂದರು. ವೈದ್ಯರು ತಪ್ಪು ಎಂದು ಬರೆಯಲು ಹೊರಟಿದ್ದರು. ಪಕ್ಕದಲ್ಲಿದ್ದ ನರ್ಸಮ್ಮ ನಗುತ್ತಾ, "ಸರಿಯಾಗೇ ಹೇಳಿದ್ದಾರೆ ಸರ್, ಆಷಾಢವೇ ನಡೀತಿರೋದು" ಎಂದು ಅವರನ್ನು ತಡೆದರು.

ಆ ಪ್ರಶ್ನೆಗಳು ಎನ್‌ಐಎಚ್‌ಎಸ್‌ಎಸ್ ಎಂಬ ಅಳತೆಗೋಲಿನ ಭಾಗವೆಂಬುದು ನನಗೆ ಆಮೇಲೆ ತಿಳಿಯಿತು. ಎಚ್ಚರ, ಕಣ್ಣಿನ ಚಲನೆ, ದೃಷ್ಟಿ, ಮುಖದ ಸೊಟ್ಟ, ಕೈಕಾಲಿನ ಬಲ, ಸ್ಪರ್ಶ, ಮಾತು ಮುಂತಾದವನ್ನು ಪರೀಕ್ಷಿಸಿ 0ಯಿಂದ 42ರವರೆಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ಹೊಡೆತ ದೊಡ್ಡದು. ಕೈಯನ್ನು ಹತ್ತು ಸೆಕೆಂಡು, ಕಾಲನ್ನು ಐದು ಸೆಕೆಂಡು ಎತ್ತಿ ಹಿಡಿಯಬೇಕು. ಅಪ್ಪನ ಎಡಗೈಯನ್ನು ಎತ್ತಿ ಬಿಟ್ಟ ತಕ್ಷಣ ಅದು ಒದ್ದೆ ಬಟ್ಟೆಯಂತೆ ಹಾಸಿಗೆಯ ಮೇಲೆ ಬಿತ್ತು, ಅದಕ್ಕೇ 3 ಅಂಕ. ಒಟ್ಟು 9. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗಿರುವ ನಾಲ್ಕೂವರೆ ಗಂಟೆಯ ಗಡುವಿನೊಳಗೆ ನಾವು ತಲುಪಿದ್ದೆವು.

ಮೂರು ತಿಂಗಳ ನಂತರದ ತಪಾಸಣೆಯಲ್ಲಿ ಆ ಅಂಕ 1ಕ್ಕೆ ಇಳಿಯಿತು. ಎಡಗೈ ಹತ್ತು ಸೆಕೆಂಡು ಕದಲದೆ ನಿಂತಿತು, ಅದಕ್ಕೀಗ ಸೊನ್ನೆ. ನಾನು ಹಿಗ್ಗಿದೆ. ಆದರೆ ಅಂದು ಬೆಳಿಗ್ಗೆ ಅಪ್ಪನಿಗೆ ಪಂಚೆ ಉಡಿಸಿದ್ದು ನಾನೇ. ಎಡಗೈ ಪಂಚೆಯ ಅಂಚಿನವರೆಗೆ ಹೋಗುತ್ತಿತ್ತು, ಅಂಚನ್ನು ಹಿಡಿದು ಸೊಂಟಕ್ಕೆ ಸಿಕ್ಕಿಸುವಷ್ಟು ಹಿಡಿತ ಮಾತ್ರ ಬೆರಳುಗಳಿಗೆ ಬಂದಿರಲಿಲ್ಲ. ಎನ್‌ಐಎಚ್‌ಎಸ್‌ಎಸ್ ಬೆರಳುಗಳ ಕುಶಲತೆಯನ್ನು ಅಳೆಯುವುದೇ ಇಲ್ಲ. ಅದಕ್ಕೆ ನಡಿಗೆಯ ಪರೀಕ್ಷೆಯೂ ಇಲ್ಲವಾದ್ದರಿಂದ, ಮೆದುಳಿನ ಹಿಂಭಾಗದ ಪೆಟ್ಟಿನಿಂದ ತಲೆ ಸುತ್ತಿ ಹೆಜ್ಜೆ ಇಡಲಾಗದವರಿಗೂ ಅಂಕ ಕಡಿಮೆಯೇ ಬರಬಹುದು. ಮೊದಲ ಗಂಟೆಗಳ ತೀರ್ಮಾನಗಳಿಗೆ ಬಹಳ ಉಪಯುಕ್ತವಾದ ಆ ಅಂಕವನ್ನು ನಾನು ಚೇತರಿಕೆಯ ಲೆಕ್ಕವೆಂದು ಓದಿದ್ದು ನನ್ನದೇ ತಪ್ಪು.

ಪಂಚೆಯ ಲೆಕ್ಕ ಸಿಕ್ಕಿದ್ದು ಫಿಸಿಯೋಥೆರಪಿಸ್ಟ್ ತೆರೆದ ಬಾರ್ತೆಲ್ ಪಟ್ಟಿಯಲ್ಲಿ. 1965ರಲ್ಲಿ ಪ್ರಕಟವಾದ ಅದರಲ್ಲಿ ಊಟ, ಸ್ನಾನ, ಶೌಚ, ಉಡುಪು, ಮೆಟ್ಟಿಲು ಹೀಗೆ ಹತ್ತು ಕೆಲಸಗಳಿವೆ, ಪೂರ್ಣಾಂಕ 100. ಇಲ್ಲಿ ಅಂಕ ಏರಿದಷ್ಟೂ ಒಳ್ಳೆಯದು. ಉಡುಪಿಗೆ 10ರಲ್ಲಿ ಅಪ್ಪನಿಗೆ ಸಿಕ್ಕಿದ್ದು 5. ಇನ್ನೊಂದು ರ‍್ಯಾಂಕಿನ್ ಮಾಪಕ: ಯಾವ ಲಕ್ಷಣವೂ ಇಲ್ಲದಿದ್ದರೆ 0, ಮರಣವಾದರೆ 6. ಅದರಲ್ಲಿ ಅಪ್ಪ 3, ಅಂದರೆ ನಡೆಯಲು ಆಸರೆ ಬೇಡ, ದಿನದ ಕೆಲಸಗಳಿಗೆ ಒಂದಿಷ್ಟು ನೆರವು ಬೇಕು. ಮೂರು ಕಾಗದಗಳಲ್ಲಿ ನಮ್ಮ ಮನೆಯ ಸ್ಥಿತಿಯನ್ನು ಸರಿಯಾಗಿ ಹೇಳಿದ್ದು ಇದೊಂದೇ ಎಂದು ನನಗನ್ನಿಸಿತು.

ಈಗ ನಾನು ಒಂದು ನೋಟ್‌ಬುಕ್‌ನಲ್ಲಿ ವಾರಕ್ಕೊಮ್ಮೆ, ಭಾನುವಾರ, ಅಪ್ಪ ಪಂಚೆ ಉಡಲು ತೆಗೆದುಕೊಳ್ಳುವ ಸಮಯವನ್ನು ಬರೆದಿಡುತ್ತೇನೆ. ಮೊದಲ ಸಲ ಹನ್ನೊಂದು ನಿಮಿಷ, ಅದೂ ಗೋಡೆಗೆ ಒರಗಿಕೊಂಡು. ಮೊನ್ನೆ ನಾಲ್ಕು ನಿಮಿಷ. ಗಡಿಯಾರ ಹಿಡಿದು ನಿಲ್ಲಬೇಡವೋ ಎಂದು ಅವರು ಗದರಿದ್ದರಿಂದ, ಈಗ ಬಾಗಿಲ ಹೊರಗೆ ನಿಂತು ಎಣಿಸುತ್ತೇನೆ.